ಋತುಚಕ್ರವೂ ಮೈಚರ್ಮವೂ

ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯು ಕನ್ನಡವೂ ತೆಲುಗೂ ಕೂಡುವ ಗಡಿಸೀಮೆಯಲ್ಲಿದೆ. ಕನ್ನಡದಲ್ಲಿ ಮೊಡವೆ ಎನ್ನುವುದನ್ನು ತೆಲುಗರು ಮೊಟಿಮ ಎನ್ನುವರು. ಸ್ತ್ರೀಯರ ಮಾಸಿಕ ಸ್ರಾವಕ್ಕೆ ಮುಟ್ಟು ಎಂಬ ಹೆಸರು ಎರಡು ಭಾಷೆಗಳಲ್ಲಿಯೂ ಉಂಟು. ಈ ದೇಶ್ಯಪದವು ಸ್ಪರ್ಶವನ್ನೂ ಅದರಿಂದ ತಗಲುವುದೆಂದು ಬಗೆದ ಮೈಲಿಗೆಯನ್ನೂ ಹೇಳುತ್ತದೆ. ಸಂಸ್ಕೃತದಿಂದ ಬಂದ ಋತು ಎಂಬ ಮಾತಾದರೋ ನಿಯತಕಾಲವನ್ನು ಹೇಳುತ್ತದೆ. ಒಂದೇ ಸಂಗತಿಗೆ ಸಲ್ಲುವ ಈ ಎರಡು ಹೆಸರುಗಳಲ್ಲಿ ಯಾವುದು ವಸ್ತುಸ್ಥಿತಿಗೆ ಹತ್ತಿರವಾದುದೆಂಬುದನ್ನು ತಿಂಗಳು ತಿಂಗಳು ಚರ್ಮದಲ್ಲಿ ಆಗುವ ಮಾರ್ಪಾಟುಗಳಿಂದ ಚೆನ್ನಾಗಿ ತಿಳಿಯಬಹುದು.

ಮುಟ್ಟಿನ ದಿನಗಳು ಸಮೀಪಿಸಿದಾಗ ಮುಖದಲ್ಲಿ ಮೊಡವೆ ಏಳುವುದನ್ನು ಕಂಡು, ಕೆಟ್ಟ ರಕ್ತ ಹೊರಬೀಳುತ್ತಿದೆಯೆಂದೋ ಮೈ ಉಷ್ಣವಾಗಿದೆಯೆಂದೋ ಹೇಳುವುದು ಜನರಲ್ಲಿ ರೂಢಿ. ಉಷ್ಣದ ಮಾತಿನಲ್ಲಿ ಕೊಂಚ ನಿಜವಿಲ್ಲದೆ ಇಲ್ಲ. ಅಂಡವು ಬಿಡುಗಡೆಯಾದ ಮೇಲೆ ಶರೀರದ ತಾಪವು ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುವುದು. ಆದರೆ ಮೊಡವೆಗೆ ಕಾರಣ ಅದಲ್ಲ, ಕೆಟ್ಟ ರಕ್ತವಂತೂ ಅಲ್ಲವೇ ಅಲ್ಲ.

ಕಾರಣವಿರುವುದು ಹಾರ್ಮೋನುಗಳಲ್ಲಿ. ಈ ಹೆಸರನ್ನು 1905ರಲ್ಲಿ ಸ್ಟಾರ್ಲಿಂಗ್ ಎಂಬ ಆಂಗ್ಲ ಶರೀರಶಾಸ್ತ್ರಜ್ಞನು ಬಳಕೆಗೆ ತಂದನು. ಪ್ರಚೋದಿಸು ಎಂಬರ್ಥದ ಗ್ರೀಕ್ ಧಾತುವಿನಿಂದ ಹುಟ್ಟಿದ ಶಬ್ದವಾದುದರಿಂದ ಕನ್ನಡದಲ್ಲಿ ಚೋದಕವೆಂದರೆ ಒಪ್ಪುವುದು. ಸ್ರಾವದ ಮೊದಲ ದಿನದಿಂದ ಎಣಿಸಿದರೆ ಚಕ್ರವು ಸರಾಸರಿ 28 ದಿನಗಳದು. 21ರಿಂದ 35ರವರೆಗೆ ಇದ್ದರೂ ಸಹಜವೇ. ಮೊದಲರ್ಧದಲ್ಲಿ ಈಸ್ಟ್ರೋಜನ್ ಎಂಬ ಚೋದಕವು ಮೇಲೇರುತ್ತ, ಸುಮಾರು 14ನೆಯ ದಿನ ಅಂಡವು ಹೊರಬೀಳುವುದಕ್ಕೆ ತುಸು ಮೊದಲು ಶಿಖರವನ್ನು ಮುಟ್ಟುತ್ತದೆ. ಅದು ಚರ್ಮದಲ್ಲಿ ನೀರನ್ನು ಹಿಡಿದಿಡುವುದು, ತೊಗಲಿನ ದಪ್ಪವನ್ನು ಕಾಯುವುದು, ಜಿಡ್ಡನ್ನು ತಗ್ಗಿಸುವುದು. ಆ ದಿನಗಳಲ್ಲಿ ಮುಖಕ್ಕೆ ಕಳೆ ಹೆಚ್ಚೆಂದು ತೋರಿದರೆ ಅದು ಬರಿಯ ಭ್ರಮೆಯಲ್ಲ. ಅನಂತರ ಪ್ರೊಜೆಸ್ಟರೋನ್ ಎಂಬ ಇನ್ನೊಂದು ಚೋದಕವು ಬೆಳೆದು, 21ನೆಯ ದಿನದ ಸುಮಾರಿಗೆ ಮೇರೆಯನ್ನು ಸೇರಿ, ಗರ್ಭ ನಿಲ್ಲದಿದ್ದರೆ ಈಸ್ಟ್ರೋಜನ್ನಿನೊಡನೆ ಇಳಿದುಹೋಗುವುದು. ಇವೆರಡೂ ಇಳಿದಾಗ, ಸ್ತ್ರೀಶರೀರದಲ್ಲಿ ಅಲ್ಪಪ್ರಮಾಣದಲ್ಲಿ ಯಾವಾಗಲೂ ಇರುವ ಪುರುಷಚೋದಕಗಳ ಕೈ ಮೇಲಾಗಿ ಜಿಡ್ಡಿನ ಗ್ರಂಥಿಗಳು ಕೆರಳುವುವು.

ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ರೋಮಕೂಪದ ಬಾಯಿ 15ರಿಂದ 20ನೆಯ ದಿನಗಳ ನಡುವೆ ಅತ್ಯಂತ ಕಿರಿದಾಗುವುದೆಂಬುದನ್ನು 1973ರಷ್ಟು ಹಿಂದೆಯೇ ಅಳೆದು ಕಂಡುಕೊಂಡಿದ್ದರು. ಆಗ ಒಳಗೆ ಕಟ್ಟಿಕೊಂಡ ಜಿಡ್ಡು ಸತ್ತ ಪದರುಗಳೊಡನೆ ಬೆರೆತು, ಸೂಕ್ಷ್ಮಜೀವಿಗಳಿಗೆ ಆಹಾರವಾಗಿ, ಕೆಲವು ದಿನಗಳ ಮೇಲೆ ಕೆಂಪಗೆ ಉಬ್ಬಿಬರುವುದು. ಎಂದರೆ ಮುಟ್ಟಿನ ಹೊತ್ತಿಗೆ ಕಾಣುವ ಮೊಡವೆಯ ಬಿತ್ತನೆ ವಾರಕ್ಕೂ ಹಿಂದೆಯೇ ಆಗಿರುತ್ತದೆ. ಸ್ರಾವದೊಡನೆ ಅದಕ್ಕೆ ಕಾರ್ಯಕಾರಣ ಸಂಬಂಧವಿಲ್ಲ, ಎರಡಕ್ಕೂ ಮೂಲ ಒಂದೇ ಎಂಬಷ್ಟೆ.

ಪ್ರಾಚೀನರು ಮೊಡವೆಯನ್ನು ನೋಡದೆ ಇರಲಿಲ್ಲ. ಸುಶ್ರುತ ಸಂಹಿತೆಯು ಕ್ಷುದ್ರರೋಗಗಳಲ್ಲಿ ಮುಖದೂಷಿಕೆಯನ್ನು ಹೇಳಿ, ಬೂರುಗದ ಮುಳ್ಳಿಗೆ ಅದನ್ನು ಹೋಲಿಸಿ, ತರುಣರ ಮುಖಕ್ಕೆ ಬರುವುದೆನ್ನುತ್ತದೆ. ಯೌವನಪಿಡಕೆ ಎಂಬ ಇನ್ನೊಂದು ಹೆಸರೂ ನಮ್ಮ ಹರೆಯದ ಮೊಡವೆಯೂ ಅದೇ ಭಾವನೆಯವು. ಹೋಲಿಕೆ ಬಲು ಸೊಗಸು. ಆದರೆ ವಯಸ್ಸಿನ ಮಾತು ತಿಂಗಳ ಮೊಡವೆಗೆ ಪೂರ್ತಿ ಹೊಂದದು. 2001ರಲ್ಲಿ ಪ್ರಕಟವಾದ, 400 ಸ್ತ್ರೀಯರನ್ನು ವಿಚಾರಿಸಿದ ಒಂದು ಪರಿಶೀಲನೆಯಲ್ಲಿ ಮುಟ್ಟಿಗೆ ಮುಂಚೆ ಮೊಡವೆ ಹೆಚ್ಚುವುದಾಗಿ ಹೇಳಿದವರು 100ಕ್ಕೆ 44 ಮಂದಿ; ಅವರಲ್ಲಿಯೂ 33 ವರ್ಷ ಮೀರಿದವರ ಪಾಲೇ ಕಿರಿಯರಿಗಿಂತ ಹೆಚ್ಚು. ಮಕ್ಕಳ ತಾಯಿಯಾದವಳು ಹರೆಯದ ಮೊಡವೆಗೆ ನಾಚಿಕೊಳ್ಳಬೇಕಾಗುವುದು ಹೆಸರಿನ ದೋಷದಿಂದಲೇ ಹೊರತು ಮೈಯ ದೋಷದಿಂದಲ್ಲ.

ಇನ್ನು ಸ್ರಾವದ ದಿನಗಳು. ಈಸ್ಟ್ರೋಜನ್ ತಗ್ಗಿರುವ ಈ ಕಾಲದಲ್ಲಿ ಚರ್ಮವು ಒಣಗುವುದು, ಬೇಗ ಕೆರಳುವುದು. ಮಾರ್ಜಕದ್ರವ್ಯವನ್ನು ತೊಗಲಿಗೆ ಹಚ್ಚಿ ನೋಡಿದ 1991ರ ಪರೀಕ್ಷೆಯಲ್ಲಿ 9ರಿಂದ 11ನೆಯ ದಿನಗಳಿಗಿಂತ ಮೊದಲನೆಯ ದಿನವೇ ಉರಿತ ಬಲವಾಗಿ ಕಂಡಿತು. ಹೀಗಿರಲು ಶಿರಾ, ಮಧುಗಿರಿ, ಪಾವಗಡ ಸೀಮೆಯ ಕಾಡುಗೊಲ್ಲರ ಹಟ್ಟಿಗಳ ಕಟ್ಟಳೆಯನ್ನು ನೆನೆಯಬೇಕು. ಮುಟ್ಟಾದವಳು ಹಟ್ಟಿಯ ಹೊರಗೆ, ಮರದಡಿಯಲ್ಲೋ ಸಣ್ಣ ಗುಡಿಸಲಿನಲ್ಲೋ, ಕೆಲವು ದಿನ ಕಳೆಯತಕ್ಕುದೆಂಬ ಈ ವಾಡಿಕೆ ಇನ್ನೂ ಪೂರ್ತಿ ಅಳಿದಿಲ್ಲ. ಚರ್ಮವು ಬೇಗ ಕೆರಳುವ ದಿನಗಳೇ ಬಯಲ ವಾಸಕ್ಕೆ ಗೊತ್ತಾಗಿವೆ. ನೀರಿಗೆ ಅಡ್ಡಿಯಾದರೆ ಒದ್ದೆಬಟ್ಟೆ ತೊಡೆಸಂದಿಗೆ ಉಜ್ಜಿ ಹುಣ್ಣಾಗುವುದೂ ಉಂಟು. ಮುಟ್ಟಾದವರನ್ನು ಬಲವಂತದಿಂದ ಬೇರೆಯಿರಿಸುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟಪದ್ಧತಿಗಳ ತಡೆ ಅಧಿನಿಯಮವು ಅಪರಾಧವೆಂದು ವಿಧಿಸಿದೆ.

ಕಡಲೆಕಾಯಿ ಹೊಲಗಳಲ್ಲಿ ಬಿಸಿಲಿಗೆ ಮೈಯೊಡ್ಡಿ ದುಡಿಯುವವರಿಗೆ ಬಂಗಿನ ಕಾಟ ಬೇರೆ. ಕೆನ್ನೆಯ ಮೇಲಿನ ಈ ಕಂದುಕಲೆಗೆ ಬಿಸಿಲೂ ಸ್ತ್ರೀಚೋದಕಗಳೂ ಕೂಡಿ ಕಾರಣ. ಬಸುರಿಯರಲ್ಲಿ ಇದು ಎದ್ದು ಕಾಣುವುದು. ಸೆರಗನ್ನು ಮುಖಕ್ಕೆ ಮರೆಮಾಡಿಕೊಳ್ಳುವುದು ಇದಕ್ಕೆ ಅಗ್ಗವಾದರೂ ತಕ್ಕ ಉಪಾಯ.

ಇದುವರೆಗೆ ಹೇಳಿದುದೆಲ್ಲ ನಿಯತವಾದ ಚಕ್ರದ ಮಾತು. ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತ, ಗಲ್ಲದಲ್ಲಿ ಒರಟು ಕೂದಲು ಮೂಡಿ, ಮೊಡವೆ ಯಾವ ದಿನಗಳಲ್ಲಿಯೂ ತಗ್ಗದಿದ್ದರೆ, ಅಂಡಾಶಯದಲ್ಲಿ ಪುರುಷಚೋದಕಗಳು ಮಿತಿಮೀರಿರಬಹುದು. ಅದಕ್ಕೆ ಮುಖಲೇಪಗಳು ಸಾಲವು. ವೈದ್ಯರಲ್ಲಿ ರಕ್ತಪರೀಕ್ಷೆಯನ್ನು ಮಾಡಿಸತಕ್ಕುದು.