ಹಿರಿಯೂರಿನ ಮಳೆ ಪುಣೆಯ ಕಂಪ್ಯೂಟರಿಗೆ ಕಾಣುತ್ತಾ?

‘ಚಿತ್ರದುರ್ಗ ಜಿಲ್ಲೆಯ ಕೆಲವೆಡೆ ಸಾಧಾರಣ ಮಳೆ.’ ಟಿವಿಯಲ್ಲಿ ಬರುವ ಈ ಒಂದು ಸಾಲು ಯಾವ ರೈತನಿಗೆ ಉಪಯೋಗ? ಹೊಳಲ್ಕೆರೆಯ ಅಡಿಕೆ ತೋಟಕ್ಕೆ ಬೀಳೋ ಮಳೆಯೇ ಹಿರಿಯೂರಿನ ಶೇಂಗಾ ಹೊಲಕ್ಕೆ ಬೀಳಲ್ಲ. ಮುಂಗಾರಿನ ಗಾಳಿ ತನ್ನ ತೇವವನ್ನೆಲ್ಲ ಪಶ್ಚಿಮ ಘಟ್ಟದಲ್ಲೇ ಸುರಿದು ಬರುತ್ತೆ, ಪೂರ್ವಕ್ಕೆ ಹೋದಷ್ಟೂ ಒಣ. ಬಾಬಾಬುಡನ್‌ಗಿರಿ ಕಡೆಯಿಂದ ಬರುವ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ!

ಮುನ್ಸೂಚನೆ ತಯಾರಾಗೋದು ಹೀಗೆ. ಭೂಮಿಯನ್ನು ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಗಾಳಿ, ತೇವ, ಉಷ್ಣಾಂಶ ಮುಂದೆ ಹೇಗೆ ಬದಲಾಗುತ್ತೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಮೊದಲು ನಮ್ಮ ಚೌಕ 12 ಕಿ.ಮೀ. ಇತ್ತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ, 2025ರ ಮೇನಲ್ಲಿ ಬಿಡುಗಡೆಯಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಅದು 6 ಕಿ.ಮೀ. ಅಂದ್ರೆ 144 ಚದರ ಕಿ.ಮೀ.ಗೆ ಒಂದು ಅಂಕಿ ಸಿಗುತ್ತಿದ್ದ ಕಡೆ ಈಗ 36ಕ್ಕೆ ಒಂದು. ಪಂಚಾಯಿತಿ ಮಟ್ಟದ ಮುನ್ಸೂಚನೆ ಕೊಡುವ ಮಾತು ಬರುತ್ತಿರುವುದು ಇದರಿಂದಲೇ. ಆದರೂ ಸಂಜೆ ಗುಡುಗಿ, ಒಂದೂರಿಗೆ ಸುರಿದು ಪಕ್ಕದೂರಿಗೆ ಕೈಕೊಡುವ ಮೋಡ ಈ ಚೌಕಕ್ಕಿಂತ ಚಿಕ್ಕದು. ಅದನ್ನು ಕಂಪ್ಯೂಟರ್ ಸೂತ್ರ ಹಾಕಿ ಅಂದಾಜು ಮಾಡುತ್ತೆ ಅಷ್ಟೇ.

ಹಾಗಾಗಿ ನೆಲದ ಮೇಲಿನ ಮಳೆಮಾಪಕ ಇಲ್ಲದೆ ಆಗಲ್ಲ. ಈ ವಿಷಯದಲ್ಲಿ ಕರ್ನಾಟಕ ಮುಂದಿದೆ, ಅದನ್ನು ಒಪ್ಪಬೇಕು. 1988ರಲ್ಲೇ ಬರ ನಿಗಾ ಘಟಕ ಶುರುವಾಯ್ತು. ಅದೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗಳಲ್ಲಿ ತಾನಾಗೇ ಲೆಕ್ಕ ಕಳಿಸುವ ಮಾಪಕಗಳಿವೆ. ಅಡಿಕೆ, ದಾಳಿಂಬೆಯಂಥ ಬೆಳೆಗಳ ಹವಾಮಾನ ಆಧಾರಿತ ವಿಮೆಯಲ್ಲಿ ಹಣ ಬರುತ್ತೋ ಇಲ್ಲವೋ ಅನ್ನೋದು ಇಂಥ ಮಾಪಕದ ಅಂಕಿ ಮೇಲೆ ನಿಂತಿದೆ. ಅದರ ಬಾಯಿಗೆ ಎಲೆ ಕಟ್ಟಿಕೊಂಡರೆ ಲೆಕ್ಕ ತಪ್ಪುತ್ತೆ, ಪೆಟ್ಟು ಬೀಳೋದು ರೈತನಿಗೆ.

ಇನ್ನೊಂದು ಕಡೆ ಆಗಿರೋದು ನೋಡಿ. ತಾಲ್ಲೂಕು ಮಟ್ಟದಲ್ಲಿ ‘ಈ ವಾರ ಬಿತ್ತಬೇಡಿ, ಔಷಧಿ ಹೊಡೀಬೇಡಿ’ ಅಂತ ಸ್ಥಳೀಯ ಭಾಷೆಯಲ್ಲಿ ಹೇಳಲೆಂದೇ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜಿಲ್ಲಾ ಕೃಷಿ ಹವಾಮಾನ ಘಟಕಗಳಿದ್ದವು. ದೇಶದಾದ್ಯಂತ ಅಂಥ 199 ಘಟಕಗಳನ್ನು 2024ರಲ್ಲಿ ಮುಚ್ಚಲಾಯಿತು. ಮಾಹಿತಿ ತಾನಾಗೇ ಸಿಗುತ್ತೆ, ಇಷ್ಟು ಜನ ಯಾಕೆ ಅನ್ನೋದು ಸರ್ಕಾರದ ಕಡೆಯ ವಾದ. ಸೂಪರ್‌ ಕಂಪ್ಯೂಟರಿಗೆ ಕೋಟಿಗಟ್ಟಲೆ ಹಾಕಿ, ಅದರ ಅಂಕಿಯನ್ನು ಬಿತ್ತನೆಯ ಮಾತಾಗಿ ಬಿಡಿಸಿ ಹೇಳುವವರ ಸಂಬಳದಲ್ಲಿ ಉಳಿತಾಯ ಮಾಡೋದು ಯಾವ ಲೆಕ್ಕಾಚಾರ?

ಮುಂದಿನ ಗ್ರಾಮಸಭೆಗೆ ಹೋದಾಗ ಎರಡು ಪ್ರಶ್ನೆ ಕೇಳಿ: ನಮ್ಮ ಮಳೆಮಾಪಕ ಎಲ್ಲಿದೆ? ಅದನ್ನು ಕೊನೇ ಸಲ ರಿಪೇರಿ ಮಾಡಿದ್ದು ಯಾವಾಗ?