ಕೃಷ್ಣವಿವರದ ಬಿರುಗಾಳಿ

ಗಾಳಿಯೆಂದೊಡನೆ ಮಳೆಮೋಡಗಳನ್ನು ಹೊತ್ತು ತರುವ ಭೂಮಿಯ ಮಾರುತವೇ ನೆನಪಿಗೆ ಬರುತ್ತದೆ. ನಕ್ಷತ್ರಲೋಕದಲ್ಲಿಯೂ ಗಾಳಿ ಬೀಸುವುದುಂಟು. ಎಲ್ಲವನ್ನೂ ನುಂಗುವುದೆಂದು ಹೆಸರಾದ ಕೃಷ್ಣವಿವರದ ನೆರೆಯೇ ಅದರ ಉಗಮಸ್ಥಾನವೆಂಬುದು ವಿಸ್ಮಯದ ಸಂಗತಿ.

ಕೋಟ್ಯಂತರ ನಕ್ಷತ್ರಗಳ ಮಹಾಕುಟುಂಬವೇ ಗೆಲಾಕ್ಸಿ. ಬಹುತೇಕ ಎಲ್ಲ ದೊಡ್ಡ ಗೆಲಾಕ್ಸಿಗಳ ನಡುವೆಯೂ ಒಂದು ದೈತ್ಯ ಕೃಷ್ಣವಿವರವಿದೆಯೆಂದು ಖಗೋಳ ವಿಜ್ಞಾನಿಗಳು ಭಾವಿಸುತ್ತಾರೆ. ಸೂರ್ಯನ ತವರಾದ ಆಕಾಶಗಂಗೆಯ ಕೃಷ್ಣವಿವರದ ದ್ರವ್ಯರಾಶಿ ಸೂರ್ಯನ ಸುಮಾರು 40 ಲಕ್ಷ ಪಟ್ಟು. ಆದರೂ ಅದು ಬುಧಗ್ರಹದ ಕಕ್ಷೆಯೊಳಗೆ ಅಡಗಬಲ್ಲಷ್ಟು ಚಿಕ್ಕದು. ಬೆಳಕೇ ದಾಟಲು ಒಂದು ಲಕ್ಷ ವರ್ಷ ಹಿಡಿಯುವ ಗೆಲಾಕ್ಸಿಯ ಗತಿಯನ್ನು ಇಂಥ ಬಿಂದುವೊಂದು ಬದಲಿಸಬಲ್ಲುದೆ?

ಬಲ್ಲುದು. ಕೃಷ್ಣವಿವರವನ್ನು ಹೊಕ್ಕ ಯಾವ ವಸ್ತುವೂ ಹೊರಬರಲಾರದು, ನಿಜ. ಆದರೆ ಅದರತ್ತ ಸೆಳೆಯಲ್ಪಟ್ಟ ಅನಿಲವು ನೇರವಾಗಿ ಒಳಗೆ ಬೀಳುವುದಿಲ್ಲ. ಸುಳಿಯ ನೀರಿನಂತೆ ಸುತ್ತುತ್ತ ತಟ್ಟೆಯ ಆಕಾರ ತಾಳುತ್ತದೆ. ಪದರಗಳ ತಿಕ್ಕಾಟದಿಂದ ಆ ತಟ್ಟೆ ಕಾದು, ಕೆಲವೊಮ್ಮೆ ಇಡೀ ಗೆಲಾಕ್ಸಿಯನ್ನೇ ಮೀರಿಸುವಂತೆ ಬೆಳಗುತ್ತದೆ. ಹಾಗೆ ಬೆಳಗುವ ಕೇಂದ್ರಕ್ಕೆ ಕ್ವೇಸಾರ್ ಎಂದು ಹೆಸರು. ಆ ಬೆಳಕಿನ ಒತ್ತಡವೂ ಕಾಂತಕ್ಷೇತ್ರದ ಬಲವೂ ಅನಿಲದ ಒಂದು ಭಾಗವನ್ನು, ಅದು ವಿವರದ ಅಂಚನ್ನು ದಾಟುವ ಮೊದಲೇ, ಹೊರಕ್ಕೆ ತಳ್ಳುತ್ತವೆ. ಇದೇ ಕೃಷ್ಣವಿವರದ ಗಾಳಿ.

ಸುಮಾರು 200 ಕೋಟಿ ಜ್ಯೋತಿರ್ವರ್ಷಗಳಾಚೆ ಪಿಡಿಎಸ್ 456 ಎಂಬ ಕ್ವೇಸಾರ್ ಇದೆ. ಅಲ್ಲಿಯ ಗಾಳಿ ಬೆಳಕಿನ ವೇಗದ ಸುಮಾರು ಮೂರನೆಯ ಒಂದು ಪಾಲು ವೇಗದಿಂದ ಎಲ್ಲ ದಿಕ್ಕುಗಳಿಗೂ ಬೀಸುತ್ತಿದೆಯೆಂದು 2015ರಲ್ಲಿ ತಿಳಿದುಬಂತು. ಅದು ಒಂದೇ ಸಮನಾದ ಪ್ರವಾಹವಲ್ಲ, ಗುಂಡುಗಳ ಮಳೆಯಂತೆ ಬಿಡಿಬಿಡಿಯಾದ ಅನಿಲದ ಮುದ್ದೆಗಳು ಎಂಬುದನ್ನು ಜಪಾನಿನ ಕ್ರಿಸಮ್ ಉಪಗ್ರಹದ ವೀಕ್ಷಣೆಗಳು 2025ರಲ್ಲಿ ತೋರಿಸಿಕೊಟ್ಟವು.

ನಕ್ಷತ್ರಗಳು ಹುಟ್ಟುವುದು ತಣ್ಣನೆಯ ಅನಿಲದಿಂದ. ಬಿರುಗಾಳಿಯು ಆ ಅನಿಲವನ್ನು ಕಾಯಿಸುತ್ತದೆ ಇಲ್ಲವೆ ದೂರ ಗುಡಿಸುತ್ತದೆ. ಬಿತ್ತನೆಯ ಕಾಳೇ ಉಳಿಯದ ಹೊಲದಂತೆ ಗೆಲಾಕ್ಸಿ ಬರಡಾಗುತ್ತದೆ. ಅಲ್ಪಾಯುಗಳಾದ ನೀಲಿ ನಕ್ಷತ್ರಗಳು ಅಳಿದು, ಕೆಂಬಣ್ಣದ ಮುದಿ ನಕ್ಷತ್ರಗಳು ಮಾತ್ರ ಉಳಿಯುತ್ತವೆ. ಕೃಷ್ಣವಿವರಕ್ಕೂ ಆಹಾರ ತಪ್ಪುತ್ತದೆ. ಉಂಡಷ್ಟೂ ಗಾಳಿ ಬಲಿಯುತ್ತದೆ; ಗಾಳಿ ಬಲಿತಷ್ಟೂ ಉಣಿಸು ಕುಗ್ಗುತ್ತದೆ. ಹೀಗೆ ಎರಡರ ಬೆಳವಣಿಗೆಗೂ ಒಂದು ಮಿತಿ ಏರ್ಪಡುತ್ತದೆ. ಆದರೆ ಗಾಳಿ ಕೇವಲ ವಿನಾಶಕಾರಿಯಲ್ಲ. ಅದು ಅನಿಲವನ್ನು ಒತ್ತಿ ಸಾಂದ್ರಗೊಳಿಸಿದೆಡೆ ಹೊಸ ನಕ್ಷತ್ರಗಳು ಮೂಡುವುದೂ ಉಂಟು.

ಆಕಾಶಗಂಗೆಯ ಮೇಲೂ ಕೆಳಗೂ ಸುಮಾರು 25,000 ಜ್ಯೋತಿರ್ವರ್ಷ ಎತ್ತರದ ಎರಡು ಗುಳ್ಳೆಗಳು 2010ರಲ್ಲಿ ಪತ್ತೆಯಾದವು. ಅವು ಹಿಂದೊಮ್ಮೆ ಇಲ್ಲಿಯ ಕೃಷ್ಣವಿವರ ಭೋರ್ಗರೆದುದರ ಕುರುಹಾಗಿರಬಹುದು. ಇಂದು ಅದು ಶಾಂತವಾಗಿದೆ. ಸುಮಾರು 460 ಕೋಟಿ ವರ್ಷಗಳ ಹಿಂದೆ ಸೂರ್ಯನೂ ತಣ್ಣನೆಯ ಅನಿಲದ ಮೋಡವೊಂದರಲ್ಲಿಯೇ ಜನಿಸಿದನು. ಬಿರುಗಾಳಿಯೊಂದು ಆ ಮೋಡವನ್ನು ಮೊದಲೇ ಚದುರಿಸಿದ್ದರೆ ಸೂರ್ಯನಿಲ್ಲ, ಭೂಮಿಯಿಲ್ಲ, ಆಕಾಶವನ್ನು ನೋಡಿ ಬೆರಗಾಗುವ ಮನುಷ್ಯನೂ ಇಲ್ಲ.