ಉಣ್ಣೆ ಕಡಿತಕ್ಕೆ ಪ್ರೋಟೀನಿನ ಸಾಕ್ಷಿ

ದನಕರು, ನಾಯಿ ಸಾಕಿದವರಿಗೆ ಉಣ್ಣೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಲೆನಾಡಿನವರು ಇದನ್ನೇ ಉಣುಗು ಎನ್ನುತ್ತಾರೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದೂ ಉಣ್ಣೆಯೇ. ಅದು ವೈರಸ್ಸಿನ ರೋಗ. ಆದರೆ ಉಣ್ಣೆ ಬ್ಯಾಕ್ಟೀರಿಯಾಗಳನ್ನೂ ಹೊತ್ತು ತರುತ್ತದೆ. ಅಮೆರಿಕದ ಲೈಮ್ ರೋಗ ಅಂಥದ್ದು.

ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಸುತ್ತಮುತ್ತ ಅನೇಕ ಮಕ್ಕಳಿಗೆ ಕೀಲುಗಳು ಊದಿಕೊಳ್ಳುತ್ತಿರುವುದನ್ನು 1975ರಲ್ಲಿ ಇಬ್ಬರು ತಾಯಂದಿರು ಆರೋಗ್ಯ ಅಧಿಕಾರಿಗಳ ಗಮನಕ್ಕೆ ತಂದರು. 1981ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣ್ಣೆಯ ಕರುಳಿನಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಕಂಡರು. ಅದಕ್ಕೆ ಬೊರೀಲಿಯ ಬರ್ಗ್‌ಡಾರ್ಫೆರಿ ಎಂದೇ ಹೆಸರಾಯಿತು.

ಈ ರೋಗಾಣು ರಕ್ತದಲ್ಲಿ ಸುಲಭವಾಗಿ ಕೈಗೆ ಸಿಗದು. ಆದ್ದರಿಂದ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತಾರೆ. ಪ್ರತಿಕಾಯ ಮೀನಾದರೆ, ಬ್ಯಾಕ್ಟೀರಿಯಾದ ಪ್ರೋಟೀನು ಗಾಳ. ಮೊದಮೊದಲು ಇಡೀ ಬ್ಯಾಕ್ಟೀರಿಯಾವನ್ನೇ ಒಡೆದು ಗಾಳ ಮಾಡುತ್ತಿದ್ದರು. ಆದರೆ ಅದರ ಕಶಾಂಗದ ಪ್ರೋಟೀನು ಬೇರೆ ಬ್ಯಾಕ್ಟೀರಿಯಾಗಳದ್ದನ್ನು ಹೋಲುತ್ತದೆ. ಹೀಗಾಗಿ ಸಿಫಿಲಿಸ್ ಇದ್ದವರಿಗೂ ಲೈಮ್ ಎಂಬ ಫಲಿತಾಂಶ ಬರುವುದುಂಟು! ಸುಳ್ಳು ಫಲಿತಾಂಶವೆಂದರೆ ಬೇಡದ ಔಷಧ; ರೋಗ ಕಣ್ತಪ್ಪಿದರೆ ಕೀಲು, ನರ, ಹೃದಯಗಳಿಗೆ ಪೆಟ್ಟು.

1990ರ ದಶಕದ ಕೊನೆಯಲ್ಲಿ ಒಂದು ಜಾಣ ಉಪಾಯ ಹೊಳೆಯಿತು. ಈ ಬ್ಯಾಕ್ಟೀರಿಯಾ ಒಳ್ಳೆಯ ಬಹುರೂಪಿ. ವಿ.ಎಲ್.ಎಸ್.ಇ. ಎಂಬ ಹೊರಮೈ ಪ್ರೋಟೀನನ್ನು ಪದೇ ಪದೇ ಬದಲಿಸಿಕೊಂಡು ದೇಹದ ರಕ್ಷಣಾ ವ್ಯವಸ್ಥೆಯ ಕಣ್ಣಿಗೆ ಮಣ್ಣೆರಚುತ್ತದೆ. ಎಷ್ಟು ವೇಷ ಹಾಕಿದರೂ ಆ ಪ್ರೋಟೀನಿನ ಒಂದು ತುಣುಕು ಮಾತ್ರ ಬಹುಮಟ್ಟಿಗೆ ಬದಲಾಗುವುದಿಲ್ಲ. ಆ ತುಣುಕನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಸಿ-6 ಎಂದು ಹೆಸರಿಟ್ಟರು.

ನಾಯಿಗಳಲ್ಲಿ ಇದರ ಉಪಯೋಗ ಇನ್ನೂ ಸ್ವಾರಸ್ಯಕರ. ಲಸಿಕೆ ಹಾಕಿಸಿಕೊಂಡ ನಾಯಿಯ ರಕ್ತದಲ್ಲೂ ಪ್ರತಿಕಾಯಗಳಿರುತ್ತವಲ್ಲ, ರೋಗ ತಗುಲಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಬ್ಯಾಕ್ಟೀರಿಯಾ ಈ ವೇಷ ಕಟ್ಟುವುದು ಪ್ರಾಣಿಯ ದೇಹ ಹೊಕ್ಕ ಮೇಲೆ. ಲಸಿಕೆಯಿಂದ ಸಿ-6 ವಿರುದ್ಧ ಪ್ರತಿಕಾಯ ಹುಟ್ಟುವುದಿಲ್ಲ. ಸಿ-6 ಗಾಳಕ್ಕೆ ಸಿಕ್ಕಿತೆಂದರೆ ನಿಜವಾದ ಸೋಂಕು ತಗುಲಿದೆ ಎಂದೇ ಅರ್ಥ.

ಒಂದು ಮಿತಿಯಿದೆ. ಪ್ರತಿಕಾಯಗಳು ಮೂಡಲು ಕೆಲವು ವಾರ ಬೇಕು. ಅದಕ್ಕೇ ಚರ್ಮದ ಮೇಲೆ ಅಗಲವಾಗುತ್ತ ಹೋಗುವ ಕೆಂಪು ಗುರುತನ್ನು ಕಂಡ ವೈದ್ಯರು ಪರೀಕ್ಷೆಗೆ ಕಾಯದೆ ಔಷಧ ಶುರುಮಾಡುತ್ತಾರೆ.

ನಮ್ಮ ನಾಯಿಗಳನ್ನು ಕಾಡುವುದು ಎರ್ಲಿಕಿಯ ಕೇನಿಸ್ ಎಂಬ ಇನ್ನೊಂದು ಉಣ್ಣೆ ಬ್ಯಾಕ್ಟೀರಿಯಾ. ಅದರ ಹೊರಪೊರೆಯ ಪ್ರೋಟೀನುಗಳಿಂದಲೂ ಇಂಥ ಗಾಳ ಮಾಡಿದ್ದಾರೆ. ಮೂರು ಹನಿ ರಕ್ತ ಸಾಕು. ಪಶುವೈದ್ಯರ ಮೇಜಿನ ಮೇಲೆಯೇ ಕೆಲವು ನಿಮಿಷಗಳಲ್ಲಿ ನೀಲಿ ಚುಕ್ಕೆ ಮೂಡುತ್ತದೆ.